ಕಲಾಯಿ ಹಜರತಸಾಬರ ಎಡಹಣೆ

ಸವದತ್ತಿಯ ನಮ್ಮ ಓಣಿಯಲ್ಲಿ ಹಜರತಸಾಬ ಎಂಬ ಹೆಸರಿನವರು ಮೂವರಿದ್ದರು. ಒಬ್ಬರದು ಚಪ್ಪಲಿ ಅಂಗಡಿ, ಇನ್ನೊಬ್ಬರು ಟೆಂಪೋ ಓಡಿಸುತ್ತಿದ್ದರು. ಮೂರನೆಯವರನ್ನು ಜನ ಕಸುಬು ಸೇರಿಸಿ ‘ಕಲಾಯಿ ಹಜರತಸಾಬ’ ಎಂದು ಕರೆಯುತ್ತಿದ್ದರು. ಓಣಿಯ ಹುಡುಗರಿಗೆಲ್ಲ ಅವರು ಚಾಚಾ. ನನಗೂ ಹಾಗೆಯೇ.

ಅವರು ಹುಟ್ಟಿದ್ದು ಹೂಲಿಯಲ್ಲಿ. ಮದುವೆಯಾದ ಮೇಲೆ ಸವದತ್ತಿಗೆ ಬಂದರು. ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿಯುವುದು ಅವರ ತಂದೆಯಿಂದ ಬಂದ ಕೆಲಸ. ನೆಲದಲ್ಲಿ ಸಣ್ಣ ಕುಣಿ ತೋಡಿ, ಇದ್ದಿಲು ತುಂಬಿ, ಎಡಗೈಯಿಂದ ತಿದಿ ಒತ್ತುತ್ತಿದ್ದರು. ಪಾತ್ರೆ ಕಾದು ಬಣ್ಣ ತಿರುಗಿತೆಂದರೆ ಒಂದು ಚಿಟಿಕೆ ನವಸಾಗರ ಎರಚುವರು. ಬಿಳಿ ಹೊಗೆ ಭುಗ್ಗೆಂದು ಏಳುತ್ತಿದ್ದಂತೆ ತವರದ ಕಡ್ಡಿಯನ್ನು ಒಳಗೆ ಮುಟ್ಟಿಸುವರು. ಮುಂದಿನದು ಬಲಗೈಯ ಕೆಲಸ. ಹತ್ತಿಯ ಉಂಡೆ ಹಿಡಿದ ಆ ಕೈ ಸುಡುವ ಪಾತ್ರೆಯೊಳಗೆ ಇಳಿದು ಒಂದೇ ಸುತ್ತಿನಲ್ಲಿ ತಳದಿಂದ ಕಂಠದವರೆಗೆ ಬರುತ್ತಿತ್ತು. ಕಪ್ಪಗಿದ್ದ ಪಾತ್ರೆ ಬೆಳ್ಳಿಯಂತಾಗುತ್ತಿತ್ತು. ಕೈ ನಡುವೆ ನಿಂತರೆ ತವರ ಅಲ್ಲೇ ಗಂಟುಕಟ್ಟುತ್ತದೆ. ಅವರ ಕೈ ನಿಂತದ್ದನ್ನು ನಾನು ನೋಡಿರಲಿಲ್ಲ.

ನನ್ನ ಅವ್ವ ಬಾಯವ್ವ ಪ್ರತಿ ವರ್ಷ ಪಂಚಮಿಯ ಮುಂಚೆ ಪಾತ್ರೆಗಳನ್ನು ಅವರ ಮುಂದೆ ಇಟ್ಟು ಜಗಳ ತೆಗೆಯುತ್ತಿದ್ದಳು.

"ಹೋದ ವರ್ಷ ಹಚ್ಚಿದ್ದು ಗೌರಿಹುಣ್ಣಿವಿಗೆ ಹೋತು ನೋಡ, ಹಜರತಣ್ಣ. ತವರ ಹಚ್ಚಿದ್ಯೋ, ಸುಣ್ಣ ಬಳದಿದ್ಯೋ?"

"ನೀ ಬೂದಿ ಹಾಕಿ ತಿಕ್ಕೂದು ನೋಡಿದ್ರ ತವರ ಅಷ್ಟ ಅಲ್ಲವ್ವಾ, ಪಾತ್ರಿ ತಳಾನ ಹೋಗಬೇಕು. ಇನ್ನೂ ಉಳದೈತಿ ಅಂದ್ರ ಅದು ನಮ್ಮಪ್ಪನ ದುವಾ."

ತೊಂಬತ್ತರ ದಶಕದಲ್ಲಿ ಮನೆ ಮನೆಗೂ ಸ್ಟೀಲ್ ಬಂತು. ಬೈಲಹೊಂಗಲ, ರಾಮದುರ್ಗದಲ್ಲಿ ಇದೇ ಕೆಲಸ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ವೆಲ್ಡಿಂಗಿಗೆ, ಗ್ಯಾರೇಜಿಗೆ ಹೋದರು. ಚಾಚಾ ಬಿಡಲಿಲ್ಲ. ಮದುವೆಗೆ ಬಾಡಿಗೆ ಕೊಡುವ ದೊಡ್ಡ ಹಂಡೆ, ಕೊಳಗಗಳು ಇನ್ನೂ ತಾಮ್ರದವೇ ಇದ್ದವು. ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಸಿರಸಂಗಿ, ಹೂಲಿ, ಕಿತ್ತೂರಿನ ತನಕ ಹೋಗುತ್ತಿದ್ದರು. ಮಗ ಸಾಜಿದ್ ಟೆಂಪೋ ಕಲಿತು, "ಅಬ್ಬಾ, ಸಾಕ ಮಾಡ್ರಿ" ಎಂದರೆ, "ಕೈ ಕೇಳಂಗಿಲ್ಲೋ" ಎನ್ನುತ್ತಿದ್ದರು.

ಅವರ ಮೈಮೇಲೆ ಎರಡು ಗುರುತುಗಳಿದ್ದವು. ಒಂದು ಬಲ ಮೊಣಕಾಲಿನದು. ಹರೆಯದಲ್ಲಿ ಕಾದ ಹಂಡೆಯೊಂದು ಇಕ್ಕಳದಿಂದ ಜಾರಿ ಅಲ್ಲಿ ಬಿದ್ದಿತ್ತು. ಚರ್ಮ ಸುಕ್ಕುಗಟ್ಟಿ ಆ ಕಾಲು ಪೂರ್ತಿ ಮಡಿಸುತ್ತಿರಲಿಲ್ಲ. ಎರಡನೆಯದು ಹಣೆಯದು. ವರ್ಷಗಟ್ಟಲೆ ನಮಾಜಿನ ಸಜದಾದಲ್ಲಿ ಹಣೆ ನೆಲಕ್ಕೆ ಮುಟ್ಟಿಸುವವರಿಗೆ ಅಲ್ಲಿ ಚರ್ಮ ಗಡುಸಾಗಿ ಕಪ್ಪಾಗುತ್ತದೆ. ಬೇರೆಯವರಿಗೆ ಅದು ಹಣೆಯ ನಡುವೆ ಇರುತ್ತದೆ. ಚಾಚಾರಿಗೆ ಎಡ ಹುಬ್ಬಿನ ಮೇಲಿತ್ತು. ಬಲಗಾಲು ಮಡಿಸಲಾಗದೆ ಎಡಕ್ಕೆ ವಾಲಿ ಬಾಗುತ್ತಿದ್ದುದರಿಂದ ಎಡಹಣೆಯೇ ನೆಲ ಮುಟ್ಟುತ್ತಿತ್ತು. ಅದನ್ನು ಯಾರಾದರೂ ಕೇಳಿದರೆ, "ನನ್ನ ಬಿಳಿ ಗಡ್ಡ ನೋಡಿ ಅಲ್ಲಾ ಗುರುತ ಹಿಡೀಲಿಲ್ಲಂದ್ರ ಇದನ್ನ ತೋರಸತೇನಿ" ಎಂದು ನಗುತ್ತಿದ್ದರು.

೨೦೦೬ರಲ್ಲಿ ಸಿರಸಂಗಿಯಲ್ಲಿ ತಿದಿ ಒತ್ತುತ್ತಿದ್ದಾಗ ಅವರ ಎದೆ ಹಿಡಿಯಿತು. ಬೆವರಿಳಿದು, ತಿದಿಯ ಮೇಲೇ ಒರಗಿಬಿಟ್ಟರು. ಹಂಡೆಯ ಯಜಮಾನ ಹಣಮಂತಪ್ಪ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದ. ಸವದತ್ತಿಯ ಡಾಕ್ಟರು ಧಾರವಾಡಕ್ಕೆ ಕಳಿಸಿದರು, ಅಲ್ಲಿಂದ ದೂರದ ನಗರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೃದಯಕ್ಕೆ ರಕ್ತ ಕೊಡುವ ಮೂರು ನಾಳಗಳು ಕಟ್ಟಿದ್ದವು. ಎದೆ ತೆರೆದು ಬದಲಿ ದಾರಿ ಹಾಕಬೇಕು ಎಂದರು.

ಓಣಿಯಲ್ಲಿ ಡಿಗ್ರಿ ಓದಿದವನು ನಾನೊಬ್ಬನೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಡಾಕ್ಟರರ ಮಾತು ತಿಳಿಯಲಿ ಎಂದು ಚಾಚಿ ರಹೀಮಬಿ ನನ್ನನ್ನೂ ಕರೆದುಕೊಂಡು ಹೋದರು.

ಚಾಚಾ ಡಾಕ್ಟರರನ್ನು ಕೇಳಿದ್ದು ಒಂದೇ ಪ್ರಶ್ನೆ. "ಆಪರೇಶನ್ ಆದಮ್ಯಾಲ ನಾ ಹಂಡೇಕ ಕೈ ಹಾಕಬಹುದೇನ್ರಿ?"

"ಕೆಲವು ತಿಂಗಳು ಬ್ಯಾಡ. ಆಮ್ಯಾಲ ಬೇಕಾದ್ದು ಮಾಡ್ರಿ," ಎಂದರು ಡಾಕ್ಟರ್ ದಿಗಂಬರ. ರೋಗಿಗೆ ಅರಿವಳಿಕೆ ಕೊಟ್ಟು, ಆಪರೇಶನ್ ಮುಗಿಯುವ ತನಕ ಅವನ ಉಸಿರು, ರಕ್ತದೊತ್ತಡ ಕಾಯುವ ವಿಭಾಗದ ಹಿರಿಯರು ಅವರು. ಮೆಲ್ಲಗೆ ಮಾತಾಡುವ, ರೋಗಿಯ ಭುಜ ಮುಟ್ಟಿ ಮಾತಾಡಿಸುವ ಮನುಷ್ಯ. ಆ ಉತ್ತರ ಸಿಕ್ಕ ಮೇಲೆ ಚಾಚಾ ಒಪ್ಪಿದರು. ಕೈ ಉಳಿಯುತ್ತದೆ ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ಆಪರೇಶನ್ನಿನ ಹಿಂದಿನ ದಿನ ವಾರ್ಡಿಗೆ ಒಬ್ಬ ತರುಣಿ ಬಂದಳು. ಡಾಕ್ಟರ್ ವರದಾ, ಧಾರವಾಡದವಳು. ದಿಗಂಬರರ ಕೈಕೆಳಗೆ ಕಲಿಯುತ್ತಿದ್ದಳು. ಎರಡು ಬೇರೆ ಬೇರೆ ಯಂತ್ರಗಳನ್ನು ಹೋಲಿಸಿ ನೋಡುವುದು ಅವಳ ಅಧ್ಯಯನ. ಅದಕ್ಕೆ ಚಾಚಾರ ಒಪ್ಪಿಗೆ ಬೇಕಿತ್ತು.

"ಹೃದಯ ನಿಲ್ಲಿಸಿದಾಗ ಹೊರಗಿನ ಪಂಪು ರಕ್ತಾನ್ನ ಒಂದೇ ಸಮ ತಳ್ತದ್ರಿ. ನಾಡಿ ಬಡಿಯೂದಿಲ್ಲ. ನಾಡಿ ಇಲ್ಲಂದ್ರ ಬೆರಳಿಗೆ ಹಾಕೋ ಕ್ಲಿಪ್ಪು ಏನೂ ಹೇಳೂದಿಲ್ಲ," ಎಂದು ಅವಳು ಬಿಡಿಸಿ ಹೇಳಿದಳು. "ಅದಕ್ಕ ಹಣಿ ಮ್ಯಾಲ ಪಟ್ಟಿ ಅಂಟಸ್ತೀವಿ. ಸೂಜಿ ಇಲ್ಲ, ನೋವಿಲ್ಲ. ಪಟ್ಟಿಯಿಂದ ಬೆಳಕು ಒಳಗ ಹೋಗಿ, ಮಿದುಳಿನ ಆ ಭಾಗದಾಗ ಆಮ್ಲಜನಕ ಎಷ್ಟು ಉಳದದ ಅಂತ ಹೇಳ್ತದ. ಹಳೇ ಯಂತ್ರದ ಪಟ್ಟಿ ಬಲಕ್ಕ, ಹೊಸ ಯಂತ್ರದ್ದು ಎಡಕ್ಕ. ಎರಡೂ ಒಂದೇ ಹೇಳ್ತಾವೋ ಇಲ್ಲೋ ನೋಡ್ತೀವಿ. ಮುಂದಿನ ರೋಗಿಗೆ ಅದಲುಬದಲು."

"ಅಂದ್ರ ನನ್ನ ತೆಲಿಯೊಳಗ ಏನರೆ ಐತೋ ಇಲ್ಲೋ ನೋಡ್ತೀರಿ?"

ಚಾಚಿ ಬಾಯಿ ಹಾಕಿದರು. "ಅದಕ್ಕ ಮಷೀನ್ ಯಾಕ ಬೇಕ್ರಿ? ನಾ ಹೇಳತೇನಿ, ಏನೂ ಇಲ್ಲ."

ವಾರ್ಡಿನಲ್ಲಿದ್ದ ಮಂದಿಯೆಲ್ಲ ನಕ್ಕರು. ವರದಾ ಕೂಡ ನಕ್ಕು, ಆಮೇಲೆ ಒಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಿದಳು. "ಒಂದು ಹೇಳಬೇಕ್ರಿ ಚಾಚಾ. ಹಳೇದಿರಲಿ ಹೊಸಾದಿರಲಿ, ಇವಿನ್ನೂ ಪರೀಕ್ಷಾದಾಗ ಇರೋ ಯಂತ್ರ. ಇವು ಹೇಳಿದ್ದು ಕೇಳಿ ನಾವು ಚಿಕಿತ್ಸಾ ಬದಲ ಮಾಡಂಗಿಲ್ಲ. ಬರೇ ಬರಕೋತೀವಿ."

"ಅವು ಒದರಿದ್ರೂ?"

"ಒದರಾಕ ಬ್ಯಾರೆ ಯಂತ್ರ ಭಾಳ ಅದಾವ್ರಿ, ಅವನ್ನ ಕೇಳ್ತೀವಿ."

"ಆತು ಬೇಟಿ, ಅಂಟಸ," ಎಂದು ಚಾಚಾ ಹೆಬ್ಬೆಟ್ಟು ಒತ್ತಿದರು.

ಅಂದು ಥಿಯೇಟರಿನೊಳಗೆ ನಡೆದದ್ದು ನಮಗೆ ತಿಳಿದದ್ದು ಬಹಳ ತಡವಾಗಿ. ಹೊರಗೆ ಬೆಂಚಿನ ಮೇಲೆ ಚಾಚಿ ತಸಬಿಯ ಮಣಿ ಎಣಿಸುತ್ತ ಕೂತಿದ್ದರು. ಸಾಜಿದ್ ಬಾಗಿಲಿನ ಗಾಜಿಗೆ ಮುಖ ಹಚ್ಚಿ ನಿಂತಿದ್ದ. ಸಂಜೆಗೆ ಆಪರೇಶನ್ ಸುಸೂತ್ರ ಮುಗಿಯಿತು, ಹೃದಯ ಚೆನ್ನಾಗಿ ಬಡಿಯುತ್ತಿದೆ ಎಂದರು. ಚಾಚಿ ಅಲ್ಲೇ ಕಾರಿಡಾರಿನಲ್ಲಿ ಸೆರಗು ಹಾಸಿ ಅಲ್ಲಾನಿಗೆ ಕೃತಜ್ಞತೆ ಸಲ್ಲಿಸಿದರು.

ಮರುದಿನ ಉಸಿರಾಟದ ನಳಿಗೆ ತೆಗೆದ ಮೇಲೆ ಚಾಚಾರಿಗೆ ಎಚ್ಚರವಾಯಿತು. ಕಣ್ಣು ತೆರೆದರು, ಚಾಚಿಯನ್ನು ಗುರುತಿಸಿದರು. ಏನೋ ಹೇಳಲು ಹೋದರು. ಮಾತು ಬಾಯಿಯಲ್ಲಿ ಅಂಟಿಕೊಂಡು, ಎಡಭಾಗದಿಂದಷ್ಟೇ ಹೊರಬಂತು. ಚಾಚಿ ಅವರ ಬಲಗೈ ಹಿಡಿದುಕೊಂಡರು. ಆ ಕೈ ತಿರುಗಿ ಹಿಡಿಯಲಿಲ್ಲ.

ಡಾಕ್ಟರ್ ದಿಗಂಬರ ನಮ್ಮನ್ನು ಪಕ್ಕಕ್ಕೆ ಕರೆದರು. ಮಿದುಳಿನ ಎಡಭಾಗಕ್ಕೆ ರಕ್ತ ಕಡಿಮೆಯಾಗಿ ಬಲಗೈ, ಬಲಗಾಲು ಸೋತಿವೆ, ಇಂಥ ಆಪರೇಶನ್ನಿನಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದರು. ಅದನ್ನು ಮೊದಲೇ ಹೇಳಿದ್ದರು, ಅದು ನಿಜ. ಸಾಜಿದ್ ಕೇಳಿದ, "ಹಣೀಗಿ ಮಷೀನ್ ಹಚ್ಚಿದ್ರೆಲ್ಲ, ಅದು ಏನೂ ಹೇಳಲಿಲ್ಲೇನ್ರಿ?"

ದಿಗಂಬರ ಹೇಳಿದರು. "ಎಡಗಡೆ ಅಂಕಿ ಇಳದಿತ್ತು, ಸುಳ್ಳು ಹೇಳೂದಿಲ್ಲ. ಆದ್ರ ನಿಮ್ಮ ತಂದಿಯವರಿಗೆ ಅದೇ ಜಾಗಾದಾಗ ಕಪ್ಪು ಗುರುತು ಅದ ನೋಡ್ರಿ. ಕಪ್ಪು ಬೆಳಕನ್ನ ನುಂಗ್ತದ. ಅದಕ್ಕ ಆ ಅಂಕಿ ನಂಬೂ ಹಂಗಿರಲಿಲ್ಲ."

ನಾನು ಅದನ್ನು ಚಾಚಿಗೆ ಸರಳ ಮಾಡಿ ಹೇಳಿದೆ. ಕಪ್ಪು ಬಣ್ಣ ಬೆಳಕನ್ನು ಹೀರುವುದು ನಾನೇ ತರಗತಿಯಲ್ಲಿ ಹೇಳುವ ಪಾಠ. ಅನುಮಾನಿಸಲು ಏನೂ ಕಾಣಲಿಲ್ಲ.

ಆ ಮಾತು ನಮ್ಮೊಂದಿಗೆ ಬಸ್ಸಿನಲ್ಲಿ ಸವದತ್ತಿಗೆ ಬಂತು. ಓಣಿಗೆ ಬರುವಷ್ಟರಲ್ಲಿ ಅದರ ಆಕಾರ ಬದಲಾಯಿತು. ‘ಗುರುತಿನಿಂದ ಯಂತ್ರಕ್ಕೆ ಕಾಣಲಿಲ್ಲ’ ಎಂದಿದ್ದದ್ದು, ‘ಗುರುತು ಇರದಿದ್ದರೆ ಯಂತ್ರ ಹೇಳುತ್ತಿತ್ತು, ಡಾಕ್ಟರು ಕೈ ಉಳಿಸುತ್ತಿದ್ದರು’ ಎಂದಾಯಿತು. ನೋಡಲು ಬಂದವರೆಲ್ಲ ಮೊದಲು ಹಣೆ ನೋಡಿ ಆಮೇಲೆ ಕೈ ನೋಡುತ್ತಿದ್ದರು. ಚಾಚಾರ ಗೆಳೆಯ ಮಡಿವಾಳೆಪ್ಪ ಎದುರು ಮನೆಯಲ್ಲಿ ಇಸ್ತ್ರಿ ಮಾಡುವವನು. ಬಂದವರ ಮೇಲೆ ಅವನಿಗೆ ಸಿಟ್ಟು ಬರುತ್ತಿತ್ತು.

"ಏನ್ ಹಣಿ ಹಣಿ ನೋಡ್ತೀರೋ? ಅಲ್ಲೇನ ಸಿನೇಮಾ ನಡದೈತೇನ? ಹಣ್ಣ ತಂದಿದ್ರ ಇಟ್ಟ ಹೋಗ್ರಿ."

ಆದರೆ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಮನೆಯವರೇ ಆಡಿದ ಮಾತು. ರಾಮದುರ್ಗದಿಂದ ಚಾಚಿಯ ಅಣ್ಣ ಬಂದಿದ್ದರು. ವಯಸ್ಸಾದವರು, ಧರ್ಮದ ಮಾತು ತಿಳಿದವರು. ಚಾಚಾರ ಪಕ್ಕ ಕೂತು ನಿಟ್ಟುಸಿರು ಬಿಟ್ಟು ಹೇಳಿದರು: "ಸಜದಾ ಸೀದಾ ಮಾಡಿದ್ರ ಗುರುತು ಹಣಿ ನಡುವ ಬರತಿತ್ತು. ಎಷ್ಟ ಸಲ ಹೇಳಿದ್ನಿ, ಖುರ್ಚಿ ಮ್ಯಾಲ ಕುಂತ ಮಾಡು, ಅಡ್ಡ ಬೀಳಬ್ಯಾಡ ಅಂತ. ಅಡ್ಡ ಮಾಡಿದ್ದಕ್ಕ ಅಡ್ಡಾತು."

ಅವರು ಕೆಡುಕು ಬಯಸಿ ಹೇಳಿದ್ದಲ್ಲ. ದುಃಖದಲ್ಲಿ ಬಾಯಿಗೆ ಬಂದದ್ದು ಹೇಳಿದರು. ಚಾಚಾ ಗೋಡೆಯ ಕಡೆ ಹೊರಳಿದರು.

ಅಂದಿನಿಂದ ಅವರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂಡತೊಡಗಿದರು. ಬೇಸಿಗೆಯಲ್ಲೂ ಮೇಲೆ ಸರಿಸುತ್ತಿರಲಿಲ್ಲ. ಮಾತು ನಿಧಾನವಾಗಿ ಮರಳಿತು, ಕೋಲು ಹಿಡಿದು ಅಂಗಳದವರೆಗೆ ನಡೆಯುವಷ್ಟು ಕಾಲೂ ಬಂತು. ಕೈ ಬರಲಿಲ್ಲ. ಬೆರಳುಗಳು ಒಳಗೆ ಮಡಿಚಿಕೊಂಡು ಎದೆಗೆ ಒತ್ತಿಕೊಂಡೇ ಇದ್ದವು. ಚಾಚಿ ದಿನವೂ ಎಣ್ಣೆ ಹಚ್ಚಿ ಒಂದೊಂದು ಬೆರಳನ್ನೂ ಬಿಡಿಸುತ್ತಿದ್ದರು. ಕೈಬಿಟ್ಟ ಕೂಡಲೆ ಅವು ಮತ್ತೆ ಮಡಿಚಿಕೊಳ್ಳುತ್ತಿದ್ದವು.

ನಮಾಜಿನ ಹೊತ್ತಿಗೆ ಅವರು ಖುರ್ಚಿಯ ಮೇಲೆ ಕೂಡುತ್ತಿದ್ದರು. ಕಾಯಿಲೆಯವರಿಗೆ ಅದು ಸಲ್ಲುತ್ತದೆ, ತಲೆ ಬಾಗಿಸಿದರೆ ಸಾಕು. ಅವರು ತಲೆಯನ್ನೂ ಬಾಗಿಸುತ್ತಿರಲಿಲ್ಲ. ತುಟಿ ಅಲುಗದೆ, ಎದುರಿನ ಗೋಡೆ ನೋಡುತ್ತ ಕೂತು, ಹೊತ್ತು ಮುಗಿದ ಮೇಲೆ ಎದ್ದುಬಿಡುತ್ತಿದ್ದರು.

"ಮಾಸ್ತರ," ಎಂದು ಒಮ್ಮೆ ನನ್ನನ್ನು ಕೇಳಿದರು, "ಕಲ್ಲಿಗೆ ತಿಕ್ಕಿದ್ರ ಈ ಕಪ್ಪ ಹೋಗತೈತೇನ?"

"ಈಗ ತಿಕ್ಕಿ ಏನ್ ಮಾಡ್ತೀರಿ ಚಾಚಾ?"

"ಹೌದ ಬಿಡು. ಆವಾಗ ತಿಕ್ಕಬೇಕಿತ್ತು."

ನೆಲ ಮುಟ್ಟದ ಹಣೆಯ ಚರ್ಮ ಮೆತ್ತಗಾಗುತ್ತದೆ. ತಿಂಗಳುಗಳು ಕಳೆದಂತೆ ಗುರುತಿನ ಅಂಚು ಸುಲಿದು, ಕಪ್ಪು ಬೂದಿಬಣ್ಣಕ್ಕೆ ತಿರುಗಿತು. ಅದು ಮಾಯುತ್ತಿರುವುದನ್ನು ನೋಡಿದ ಚಾಚಿ ಒಳಗೆ ಹೋಗಿ ಅತ್ತರು. ನಲವತ್ತು ವರ್ಷ ಕೂಡಿ ಬಾಳಿದವರಿಗೆ ಆ ಕಪ್ಪಿಲ್ಲದ ಮುಖ ಗುರುತು ಸಿಗಲಿಲ್ಲವೇನೋ.

ಮರುವರ್ಷ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಡಾಕ್ಟರ್ ವರದಾ ನಮ್ಮ ಶಾಲೆಗೆ ಬಂದಳು. ಆಸ್ಪತ್ರೆಯಲ್ಲಿ ನನ್ನ ಶಾಲೆಯ ಹೆಸರು ಕೊಟ್ಟಿದ್ದೆ. ಬಸ್ಸಿನ ಧೂಳು ಮೈಮೇಲೆ ಹಾಗೇ ಇತ್ತು. ಮೊದಲಿಗಿಂತ ತೆಳ್ಳಗಾಗಿದ್ದಳು. "ಹಜರತಸಾಬರ ಮನಿಗೆ ಕರಕೊಂಡ ಹೋಗ್ರಿ ಸರ. ಅವರ ಮುಂದ ಹೇಳೂದದ," ಎಂದಷ್ಟೇ ಹೇಳಿದಳು.

ಚಾಚಿ ಅವಳನ್ನು ಗುರುತಿಸಿ ಚಾಪೆ ಹಾಸಿದರು, ಚಹಾಕ್ಕೆ ಎಸರಿಟ್ಟರು. ಸಾಜಿದ್ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತ. ಇಸ್ತ್ರಿ ಬಿಟ್ಟು ಮಡಿವಾಳೆಪ್ಪನೂ ಬಂದ. ವರದಾ ಚಹಾ ಮುಟ್ಟಲಿಲ್ಲ.

"ಚಾಚಾ, ಆ ದಿನ ಮುಂಜಾನೆ ನಿಮಗ ನಿದ್ದಿ ಕೊಡೂಕಿಂತ ಮೊದಲ ನಾ ಪಟ್ಟಿ ಅಂಟಸಿದ್ದೆ. ನೆನಪದ ಏನ್ರಿ?"

ಚಾಚಾ ಗೋಣು ಆಡಿಸಿದರು. "ಪಾಸಾದ್ನೇನ ಅಂತ ಕೇಳಿದ್ನಿ."

"ಹೌದ್ರಿ. ಬಲಕ್ಕ ಅರವತ್ತೇಳು, ಎಡಕ್ಕ ಅರವತ್ತಾರು. ಫಸ್ಟ್ ಕ್ಲಾಸ್ ಅಂದಿದ್ದೆ ನಾ. ಸಾಲಿಗೆ ಹೋಗದವ ಫಸ್ಟ್ ಕ್ಲಾಸ್ ಆದ್ನಿ, ನಮ್ಮ ಮಾಸ್ತರಗ ಹೇಳ್ರಿ ಅಂದ್ರಿ ನೀವು." ಅವಳು ನನ್ನ ಕಡೆ ನೋಡಲಿಲ್ಲ, ಚಾಚಾರನ್ನೇ ನೋಡುತ್ತಿದ್ದಳು. "ಗುರುತು ಆಗೂ ಅಲ್ಲೇ ಇತ್ತು. ಪಟ್ಟಿ ಅದರ ಮ್ಯಾಲೇ ಇತ್ತು. ಗುರುತು ಬೆಳಕು ತಡಿಯೂದಾಗಿದ್ರ ಮುಂಜಾನೇನೂ ತಡೀತಿತ್ತು. ತಡೀಲಿಲ್ಲ."

ಅಂಗಳದಲ್ಲಿ ಯಾರದೋ ಆಡು ಒದರುತ್ತಿತ್ತು. ಅವಳು ಮುಂದುವರಿಸಿದಳು. ಹೃದಯ ನಿಲ್ಲಿಸಿ ಪಂಪು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಎಡಗಡೆಯ ಅಂಕಿ ಇಳಿಯತೊಡಗಿತು. ಐವತ್ತು, ನಲವತ್ತೈದು, ಮೂವತ್ತೆಂಟು. ಬಲಗಡೆ ಅಲುಗಲಿಲ್ಲ. ಉಳಿದ ಯಂತ್ರಗಳೆಲ್ಲ ಎಲ್ಲ ಸರಿ ಇದೆ ಎನ್ನುತ್ತಿದ್ದವು. ಅವಳು ದಿಗಂಬರರಿಗೆ ತೋರಿಸಿದಳು. ಅವರು ನೋಡಿ, ಎಡಗಡೆ ಇರುವುದು ಹೊಸ ಯಂತ್ರ, ಅದು ಕಡಿಮೆ ತೋರಿಸುತ್ತದೋ ಇಲ್ಲವೋ ಎಂದು ತಿಳಿಯಲೆಂದೇ ಈ ಅಧ್ಯಯನ, ಮೇಲಾಗಿ ಅಲ್ಲಿ ಕಪ್ಪು ಗುರುತಿದೆ ಎಂದರು.

"ಎರಡೂ ಕಡೆ ಒಂದೇ ಯಂತ್ರದ ಪಟ್ಟಿ ಇದ್ದಿದ್ರ ಎಡಕ್ಕೂ ಬಲಕ್ಕೂ ಇಷ್ಟ್ಯಾಕ ಫರಕು ಅಂತ ಯಾರಾದ್ರೂ ಹೆದರತಿದ್ರು. ನಾವು ಹೋಲಿಸಾಕಂತ ಎರಡು ಬ್ಯಾರೆ ಯಂತ್ರ ಇಟ್ಟಿದ್ವಿ. ಅದಕ್ಕ ಫರಕು ನಿಮ್ಮದಲ್ಲ, ಯಂತ್ರದ್ದು ಅನಿಸಿತು. ಪಟ್ಟಿ ಅದಲುಬದಲು ಮಾಡಿ ನೋಡೂಣ ಸರ, ಅಂದೆ. ಕಡಿಮಿ ಅಂಕಿ ಯಂತ್ರದ ಹಿಂದ ಬಲಕ್ಕ ಹೋದ್ರ ಯಂತ್ರದ ತಪ್ಪು, ಎಡಗಡೆನೇ ಉಳಿದ್ರ ಮಿದುಳಿಂದು ಅಂತ ಗೊತ್ತಾಗತಿತ್ತು. ಸರ ಬ್ಯಾಡ ಅಂದ್ರು. ಪಟ್ಟಿ ಒಮ್ಮೆ ಕಿತ್ರ ಬೆವರಿಗೆ ಮತ್ತ ಅಂಟೂದಿಲ್ಲ, ಈ ರೋಗಿಯ ಲೆಕ್ಕ ಹಾಳಾಗ್ತದ ಅಂದ್ರು. ನಾ ಸುಮ್ಮನಾದೆ. ಮುಂಜಾನಿ ಅರವತ್ತಾರು ನನಗ ಆಗ ನೆನಪಾಗಲಿಲ್ಲ. ನಾನೇ ಹೇಳಿದ್ದ ಅಂಕಿ ಅದು."

ಸಾಜಿದ್ ಬಾಗಿಲಿನಿಂದಲೇ ಕೇಳಿದ. "ನೆನಪಾಗಿದ್ರ ಏನ್ ಮಾಡತಿದ್ರಿ? ಆಪರೇಶನ್ ನಿಲ್ಲಸತಿದ್ರೇನ?"

"ನಿಲ್ಲಸೂದು ಬೇಕಿರಲಿಲ್ರಿ. ರಕ್ತ ಬಿಡೋ ನಳಿಗಿ ಸರಿಸಿ ನೋಡಬಹುದಿತ್ತು, ಅದರ ಬಾಯಿ ಒಂದ ಕಡೆ ತಿರುಗಿ ಎಡಗಡೆ ಮಿದುಳಿಗೆ ರಕ್ತ ಕಡಿಮಿ ಬಿದ್ದಿರಬಹುದು. ಪಂಪಿನ ಒತ್ತಡ ಏರಸಬಹುದಿತ್ತು."

"ಕೈ ಉಳೀತಿತ್ತೇನ?"

"ಉಳೀತಿತ್ತು ಅಂತ ನಾ ಹೇಳಂಗಿಲ್ಲ. ಉಳೀಬಹುದಿತ್ತು."

ಸಾಜಿದ್ ಬಾಗಿಲಿನ ಚೌಕಟ್ಟಿಗೆ ಮುಷ್ಟಿಯಿಂದ ಗುದ್ದಿದ. ಮಡಿವಾಳೆಪ್ಪ ಅವನ ರಟ್ಟೆ ಹಿಡಿದುಕೊಂಡ. ವರದಾ ಕೂತಲ್ಲಿಂದ ಅಲುಗಲಿಲ್ಲ, ಹೊಡೆಯಲಿ ಎಂದು ಕಾದವಳಂತೆ ಇದ್ದಳು.

ಇನ್ನೊಂದು ಮಾತಿತ್ತು. ಅಧ್ಯಯನ ಮುಗಿದು ವರದಿ ಬರೆಯುವಾಗ ಎರಡು ಯಂತ್ರಗಳು ಬಹುಮಟ್ಟಿಗೆ ಒಂದೇ ಹೇಳುತ್ತವೆ ಎಂದು ಬಂತು. ಚಾಚಾರ ಅಂಕಿಗಳು ಮಾತ್ರ ಹೊಂದಲಿಲ್ಲ. ಹಣೆಯ ಮೇಲೆ ಕಪ್ಪು ಗುರುತಿದ್ದ ಒಬ್ಬ ರೋಗಿಯನ್ನು ಲೆಕ್ಕದಿಂದ ಬಿಟ್ಟಿದೆ ಎಂದು ಒಂದು ಸಾಲು ಬರೆಸಿದರು. ಗುರುತು ಕಾರಣವಲ್ಲ ಎಂದು ಅವಳು ವಾದಿಸಿದಳು. ಮುಂಜಾನೆಯ ಅಂಕಿ ತೋರಿಸಿದಳು. ದಿಗಂಬರರು ಬಹಳ ಹೊತ್ತು ಅದನ್ನು ನೋಡಿದರಂತೆ. "ಹಂಗಂತ ಬರದ್ರ ಅಂಕಿ ಖರೇ ಇತ್ತು, ನಾವ ನಂಬಲಿಲ್ಲ ಅಂತ ಬರದಂಗ ಆತು, ವಿಚಾರ ಮಾಡು" ಎಂದರಂತೆ. ಅವರು ಸಹಿ ಮಾಡದೆ ಅವಳ ಡಿಗ್ರಿ ಆಗುತ್ತಿರಲಿಲ್ಲ. ಅವಳು ಆ ಸಾಲನ್ನು ಹಾಗೇ ಬಿಟ್ಟಳು.

"ಅದಕ್ಕ ಬಂದೀನ್ರಿ," ಎಂದಳು. "ಅಲ್ಲಿ ಬರಿಯಾಕ ಆಗಲಿಲ್ಲ. ಇಲ್ಲಿ ಹೇಳಾಕರೆ ಬಂದೆ."

ಚಾಚಿ ಅಲ್ಲಿಯವರೆಗೆ ಒಲೆಯ ಮುಂದೆ ಕೂತಿದ್ದರು. ಈಗ ಎದ್ದು ಬಂದು ಅವಳ ಎದುರು ನಿಂತರು. ದನಿ ಏರಿಸದೆ ಕೇಳಿದರು.

"ನೀ ಈಗ ಹೇಳಿದ್ದಕ್ಕ ಇವರ ಕೈ ಬರತೈತೇನವ್ವಾ?"

"ಇಲ್ರಿ."

"ಮತ್ಯಾಕ ಬಂದಿ? ಇಷ್ಟ ದಿನ ಅಲ್ಲಾನ ಮರ್ಜಿ ಅಂತ ನುಂಗಕೊಂಡಿದ್ವಿ. ಇನ್ನ ಯಾರ ಮರ್ಜಿ ಅಂತ ನುಂಗಲಿ? ನಿನ್ನ ಎದಿ ಹಗುರ ಮಾಡ್ಕೊಂಡ ನಮ್ಮದರ ಮ್ಯಾಲ ಇಟ್ಟ ಹೋಗಾಕ ಬಂದೇನ?"

ವರದಾ ತಲೆ ತಗ್ಗಿಸಿದಳು. ಚಾಚಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಆಗ ಚಾಚಾ ಎಡಗೈ ಎತ್ತಿ ಟೋಪಿ ತೆಗೆದರು. ಎಷ್ಟೋ ತಿಂಗಳ ಮೇಲೆ ಆ ಹಣೆಯನ್ನು ಪೂರ್ತಿ ನೋಡಿದೆವು. ಎಡ ಹುಬ್ಬಿನ ಮೇಲೆ ಬೂದಿಬಣ್ಣದ, ಸುಲಿದ ಕಲೆಯಷ್ಟೇ ಉಳಿದಿತ್ತು.

"ಎಷ್ಟ ಅಂದಿ, ಮುಂಜಾನಿ?"

"ಅರವತ್ತಾರು."

"ಇದು ಆಗೂ ಇತ್ತು."

"ಇತ್ತು ಚಾಚಾ."

"ಇದ ಅಡ್ಡ ಬಂದಿಲ್ಲ."

"ಬಂದಿಲ್ರಿ. ಅಡ್ಡ ಬಂದವರು ನಾವು."

ಚಾಚಾ ಎಡಗೈಯ ಬೆರಳಿನಿಂದ ಆ ಕಲೆಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಆಮೇಲೆ ಚಾಚಿಗೆ ಹೇಳಿದರು. ಮಾತು ಇನ್ನೂ ತೊದಲುತ್ತಿತ್ತು, ಆದರೂ ಎಲ್ಲರಿಗೂ ತಿಳಿಯಿತು.

"ಅಕೀಗ ಬೈಬ್ಯಾಡ. ಅಕಿ ಕೈ ಕೊಡಾಕ ಬಂದಿಲ್ಲ. ಹಣಿ ಕೊಡಾಕ ಬಂದಾಳ."

ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ವರದಾ ಎದ್ದು ನಿಂತಳು. ನಾನು ಬಸ್ ನಿಲ್ದಾಣದವರೆಗೆ ಕಳಿಸಲು ಹೋದೆ. ಮುಂದೆ ಅವಳು ಎಲ್ಲಿ ಹೋದಳು, ಆ ಯಂತ್ರಗಳು ಏನಾದವು ಎಂಬುದು ನನಗೆ ತಿಳಿಯದು.

ಮರಳಿ ಬಂದಾಗ ಚಾಚಾರ ಮನೆಯೊಳಗೆ ಗದ್ದಲವಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಸಮಯ. ಅವರು ಖುರ್ಚಿ ಬೇಡ ಎಂದು ಹಟ ಹಿಡಿದಿದ್ದರು. ನೆಲಕ್ಕೆ ಚಾಪೆ ಹಾಸಿಸಿಕೊಂಡಿದ್ದರು.

"ಬೀಳ್ತೀರಿ ಅಬ್ಬಾ. ಎದಿ ಹೊಲಿಗಿ ಐತಿ," ಎನ್ನುತ್ತಿದ್ದ ಸಾಜಿದ್.

"ಹೊಲಿಗಿ ಹಾಕಿ ವರ್ಷಾತು. ಹಿಡಿ."

ಸಾಜಿದ್ ಬಲಗಡೆ ಕಂಕುಳಲ್ಲಿ ಕೈ ಕೊಟ್ಟ. ಮೊದಲೇ ಸುಟ್ಟ ಮೊಣಕಾಲು, ಈಗ ಸೋತ ಕಾಲು, ಊರಲಾಗದ ಕೈ. ಚಾಚಾ ಎಡಕ್ಕೆ ವಾಲಿ, ಹಿಂದಿಗಿಂತಲೂ ಅಡ್ಡವಾಗಿ, ಬಹಳ ನಿಧಾನಕ್ಕೆ ಬಾಗಿದರು. ಎಡಹಣೆ ನೆಲ ಮುಟ್ಟಿತು. ಏಳಲು ಆಗಲಿಲ್ಲ. ಸಾಜಿದ್ ಎತ್ತಲು ಹೋದರೆ ಬೇಡವೆಂದು ಎಡಗೈ ಆಡಿಸಿದರು. ಹಾಗೇ ಬಹಳ ಹೊತ್ತು ಇದ್ದರು. ಅವರ ಬೆನ್ನು ಅಲುಗುತ್ತಿತ್ತು. ಮಡಿವಾಳೆಪ್ಪ ನನ್ನನ್ನು ಹೊರಗೆ ಎಳೆದುಕೊಂಡು ಬಂದು ಬಾಗಿಲು ಎಳೆದುಕೊಂಡ.

ಆಮೇಲೆ ಅವರು ಸುಮಾರು ಎರಡು ವರ್ಷ ಬದುಕಿದರು. ಒಳ್ಳೆಯ ವರ್ಷಗಳಲ್ಲ. ತಿದಿಯ ತೊಗಲು ಒಣಗಿ ಬಿರಿಯಿತು. ಹಣಮಂತಪ್ಪ ತನ್ನ ಹಂಡೆಗಳನ್ನು ಹುಬ್ಬಳ್ಳಿಯ ಗುಜರಿಯವನಿಗೆ ಹಾಕಿ ಸ್ಟೀಲಿನವು ತಂದ. ಅದನ್ನು ಚಾಚಾರಿಗೆ ಯಾರೂ ಹೇಳಲಿಲ್ಲ, ಆದರೂ ಅವರಿಗೆ ತಿಳಿದಿತ್ತು. ಅವ್ವ ಒಮ್ಮೆ ಕಲಾಯಿ ಹೋದ ತಪ್ಪಲಿ ಹಿಡಿದುಕೊಂಡು ಹೋಗಿ ಅವರ ಮುಂದೆ ಇಟ್ಟಳು. ಹಳೆಯ ಹಾಗೆ ಜಗಳ ತೆಗೆದರೆ ನಕ್ಕಾರು ಎಂದುಕೊಂಡಿದ್ದಳು. ಅವರು ಎಡಗೈಯನ್ನು ಪಾತ್ರೆಯೊಳಗೆ ಇಳಿಸಿ ಒಂದು ಸುತ್ತು ತಿರುಗಿಸಲು ನೋಡಿದರು. ಕೈ ಅರ್ಧಕ್ಕೇ ನಿಂತಿತು. "ಒಯ್ಯವ್ವಾ" ಎಂದರು. ಅವ್ವ ಆ ತಪ್ಪಲಿಯನ್ನು ಮತ್ತೆ ಯಾರಿಗೂ ಕೊಡಲಿಲ್ಲ, ಒಲೆಗೂ ಇಡಲಿಲ್ಲ.

ಚಾಚಿ ವರದಾಳನ್ನು ಕ್ಷಮಿಸಲಿಲ್ಲ. "ಬಂದಿದ್ದು ಛಲೋ ಆತು, ಬರದಿದ್ರೂ ಛಲೋ ಇತ್ತು" ಎನ್ನುತ್ತಿದ್ದರು. ರಾಮದುರ್ಗದ ಅಣ್ಣ ಬಂದಾಗ ಅವರಿಗೆ ಮಾತ್ರ ಎಲ್ಲವನ್ನೂ ಎರಡು ಸಲ ಹೇಳಿದರು, ಅರವತ್ತಾರರ ಲೆಕ್ಕ ಸಹಿತ. ಅಣ್ಣ ಎದ್ದು ಹೋಗಿ ಚಾಚಾರ ಎಡಗೈ ಹಿಡಿದು ಕೂತರು.

೨೦೦೯ರ ಮಳೆಗಾಲದಲ್ಲಿ ಒಂದು ಮುಂಜಾನೆ ಚಾಚಾ ಚಾಪೆಯ ಮೇಲೆ ಬಾಗಿದವರು ಏಳಲಿಲ್ಲ. ದಿನವೂ ಹಾಗೇ ಬಹಳ ಹೊತ್ತು ಇರುತ್ತಿದ್ದುದರಿಂದ ಸಾಜಿದ್ ಕಾಯುತ್ತ ನಿಂತಿದ್ದ. ಮುಟ್ಟಿದಾಗ ಮೈ ತಣ್ಣಗಾಗಿತ್ತು.

ಮೈ ತೊಳೆಸುವಾಗ ಬಲಗೈಯ ಬೆರಳುಗಳನ್ನು ಬಿಡಿಸಲು ಬಹಳ ಕಷ್ಟವಾಯಿತೆಂದು ಸಾಜಿದ್ ಹೇಳಿದ. ಮಣ್ಣಿಗೆ ನಾನೂ ಮಡಿವಾಳೆಪ್ಪನೂ ಹೋಗಿದ್ದೆವು. ಗುಂಡಿಯೊಳಗೆ ಇಳಿದವರು ಅವರನ್ನು ಬಲಮಗ್ಗುಲಿಗೆ ಮಲಗಿಸಿ, ಮುಖವನ್ನು ಕಿಬ್ಲಾದ ಕಡೆ, ಮಕ್ಕಾದ ದಿಕ್ಕಿಗೆ ತಿರುಗಿಸಿ, ಕಫನಿನ ಗಂಟು ಬಿಚ್ಚಿ ಮುಖದ ಬಟ್ಟೆ ಸರಿಸಿದರು. ಬಲಗೈ ಮೈಯ ಕೆಳಗಾಯಿತು. ಎಡಹಣೆ ಮೇಲಾಯಿತು. ಅಲ್ಲಿ ಗುರುತು ಮೊದಲಿನಂತೆಯೇ ಕಪ್ಪಾಗಿತ್ತು. ಹಲಗೆಗಳನ್ನು ಒಂದೊಂದಾಗಿ ಅಡ್ಡ ಇಟ್ಟರು. ಮಳೆ ಹನಿಯತೊಡಗಿತ್ತು, ಬೇಗ ಬೇಗ ಮಣ್ಣು ಹಾಕಿದೆವು.